ಹಾಲೆಂಡ್ ತಾತನ ಹಣೆ

ನಾನು ಎಣ್ಣೆಬಣ್ಣದ ಚಿತ್ರ ಕಲಿಯಹೊರಟ ವರ್ಷ ಟರ್ಪೆಂಟೈನಿನಲ್ಲಿ ನೆಂದ ಬಟ್ಟೆಚೂರಿಗೆ ಸೀಮೆಎಣ್ಣೆ ಸ್ಟೌವಿನ ಕಿಡಿ ಹಾರಿ ಬಾಡಿಗೆಮನೆ ಹೊತ್ತಿಕೊಳ್ಳಬಹುದಿತ್ತು. ಹೊತ್ತಿಕೊಳ್ಳದಿದ್ದರೂ ಆ ಘಾಟಿಗೆ ನನ್ನ ಹೆಂಡತಿ ಸರೋಜ ತವರಿಗೆ ಹೊರಟುಹೋಗಿ, ಏಕೆ ಬಂದೆಯೆಂದು ಕೇಳಿದ ಮಾವನವರಿಗೆ ‘ಅವರು ಒಬ್ಬ ಮುದುಕನ ಹಿಂದೆ ಬಿದ್ದಿದ್ದಾರೆ’ ಎಂದು ನಿಜವನ್ನೇ ಹೇಳಬಹುದಿತ್ತು. ಅಗಸೆ ಎಣ್ಣೆಯ ಶೀಶೆ ಅಡುಗೆಮನೆಯ ಒಳ್ಳೆಣ್ಣೆ ಶೀಶೆಯ ಪಕ್ಕ ಹೋಗಿ ಕುಳಿತು ಒಂದು ಬೆಳಗ್ಗೆ ಉಪ್ಪಿಟ್ಟಿಗೆ ಬೀಳಬಹುದಿತ್ತು. ಬಿಳಿ ಬಣ್ಣದಲ್ಲಿ ಸೀಸವಿದೆಯೆಂದು ಎಲ್ಲೋ ಓದಿದ್ದೆ. ಅದು ಉಗುರಿನ ಸಂದಿಯಿಂದ ಸಾರಿಗೆ, ಸಾರಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ತಲೆಗೆ ಏರಿ ನಾನು ಕಾರ್ಖಾನೆಯ ಗೇಟಿನಲ್ಲಿ ಹಾಡು ಹೇಳಿಕೊಂಡು ನಿಲ್ಲಬಹುದಿತ್ತು. ಜಿರಳೆಗಳು ಕ್ಯಾನ್ವಾಸಿನ ಅಂಟಿಗೆ ಆಸೆಪಟ್ಟು ಮೊದಲು ಕಣ್ಣುಗಳನ್ನೇ ತಿಂದುಹಾಕಬಹುದಿತ್ತು. ಸೈಕಲ್ಲಿಗೆ ಕಟ್ಟಿದ ಕ್ಯಾನ್ವಾಸಿಗೆ ಗಾಳಿ ತುಂಬಿ ನಾನೂ ಸೈಕಲ್ಲೂ ಮುದುಕನೂ ಒಟ್ಟಿಗೆ ಮಾಗಡಿ ರಸ್ತೆಯ ಲಾರಿಯ ಕೆಳಗೆ ಹೋಗಬಹುದಿತ್ತು. ನನಗೆ ಕಿವಿ ಬರೆಯಲು ಹೇಳಿಕೊಡುವ ಮೊದಲೇ ಡ್ರಾಯಿಂಗ್ ಮೇಷ್ಟ್ರು ತೀರಿಕೊಂಡು, ನಾನು ಜೀವನಪೂರ್ತಿ ಮಫ್ಲರ್ ಸುತ್ತಿಕೊಂಡವರ ಚಿತ್ರವನ್ನಷ್ಟೇ ಬರೆಯಬೇಕಾಗಬಹುದಿತ್ತು. ನಾನು ಬರೆಯುತ್ತಿದ್ದ ಹಾಲೆಂಡಿನ ಮುದುಕನ ಮರಿಮೊಮ್ಮಗನ ಮರಿಮೊಮ್ಮಗ ಪ್ರವಾಸಕ್ಕೆಂದು ಬೆಂಗಳೂರಿಗೆ ಬಂದು, ದಾರಿ ತಪ್ಪಿ ಬಸವೇಶ್ವರನಗರಕ್ಕೆ ಬಂದು, ನನ್ನ ಚಿತ್ರದ ಮುಂದೆ ನಿಂತು ‘ನಮ್ಮ ತಾತನಿಗೆ ಏನಾಯಿತು?’ ಎಂದು ಅತ್ತುಬಿಡಬಹುದಿತ್ತು. ಎಲ್ಲಕ್ಕಿಂತ ಭಯಂಕರವಾದದ್ದು, ಚಿತ್ರ ಚೆನ್ನಾಗಿಯೇ ಬಂದು ಇಡೀ ಬಂಧುಬಳಗ ತಮ್ಮ ತಮ್ಮ ತಾತಂದಿರ ಫೋಟೋ ಹಿಡಿದು ನಮ್ಮ ಬಾಗಿಲಲ್ಲಿ ಸಾಲುಗಟ್ಟಬಹುದಿತ್ತು.

ಇದರಲ್ಲಿ ಒಂದೂ ಆಗಲಿಲ್ಲ. ಆಗಿದ್ದು ಬೇರೆಯೇ ಒಂದು. ಅದು ಎಷ್ಟು ಸಣ್ಣದಾಗಿತ್ತೆಂದರೆ ನನ್ನಂಥ ನುರಿತ ಚಿಂತಕನಿಗೂ ಹೊಳೆದಿರಲಿಲ್ಲ. ಚಿಂತಕ ಎಂದರೆ ತಪ್ಪು ತಿಳಿಯಬೇಡಿ. ಚಿಂತೆ ಮಾಡುವವನು ಎಂಬಷ್ಟೇ ಅರ್ಥದಲ್ಲಿ ಹೇಳಿದೆ.

ಮೊನ್ನೆ ಅಟ್ಟದ ಮೇಲೆ ಸೈಕಲ್ ಪಂಪು ಹುಡುಕುವಾಗ ಒಂದು ಬ್ರಷ್ಷು ಸಿಕ್ಕಿತು. ಕೂದಲೆಲ್ಲ ಒಂದಕ್ಕೊಂದು ಅಂಟಿ ಮೊಳೆಯ ಹಾಗೆ ಗಟ್ಟಿಯಾಗಿತ್ತು. ಸರೋಜ ಅದನ್ನು ತಿರುಗಿಸಿ ನೋಡಿ, "ಇದನ್ನ ಇಟ್ಕೋತೀನಿ, ಹೊಲಿಗೆ ಮಿಷನ್ ಸಂದೀಲಿ ಕಸ ಕೆರೆಯಕ್ಕೆ ಚೆನ್ನಾಗಿದೆ" ಎಂದು ಒಯ್ದಳು. ಕಲೆ ಕೊನೆಗೂ ಉಪಯೋಗಕ್ಕೆ ಬಂತಲ್ಲ ಎಂದುಕೊಂಡು ಪಂಪನ್ನು ಮರೆತು ಅಟ್ಟದ ಏಣಿಯ ಮೇಲೆಯೇ ಕುಳಿತುಬಿಟ್ಟೆ. ಆ ಹೊತ್ತಿನಲ್ಲಿ ನೆನಪಾದದ್ದು ಇದು.

ನನ್ನ ಕೆಲಸ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ. ತಪ್ಪು ಹುಡುಕುವುದಕ್ಕೇ ಸಂಬಳ. ಬೆಳಗ್ಗೆಯಿಂದ ಸಂಜೆಯವರೆಗೆ ಕಬ್ಬಿಣದ ತುಂಡುಗಳನ್ನು ಅಳತೆಗೆ ಹಿಡಿದು ‘ಇದು ಆಗದು’ ಎನ್ನುತ್ತಾ ಬಂದವನಿಗೆ ಮನೆಗೆ ಬಂದ ಮೇಲೂ ಆ ಚಟ ಬಿಡುವುದಿಲ್ಲ. ಅನ್ನದಲ್ಲಿ ಕಲ್ಲು ಸಿಗದಿದ್ದರೆ ಎಲ್ಲಿ ಹೋಯಿತೆಂದು ಚಿಂತೆ. ಈ ಚಿಂತೆಯನ್ನು ಎಲ್ಲಾದರೂ ತೊಡಗಿಸಬೇಕೆಂದು ನಾನು ಹಿಂದೆ ಕೊಳಲು ಕಲಿತೆ. ಉಸಿರು ಸಾಲದೆಂಬ ಭಯಕ್ಕೆ ಬಿಟ್ಟೆ. ಹೋಮಿಯೋಪತಿ ಕಲಿತೆ, ಪುಸ್ತಕದಲ್ಲಿದ್ದ ಎಲ್ಲ ರೋಗವೂ ನನಗಿದೆಯೆಂದು ಗೊತ್ತಾಗಿ ಬಿಟ್ಟೆ. ಈ ಪಟ್ಟಿಯನ್ನು ಸರೋಜ ಬಂದವರಿಗೆಲ್ಲ ಕಾಫಿ ಜೊತೆಗೆ ಕೊಡುತ್ತಾಳೆ. ಹಾಗಾಗಿ ಎಣ್ಣೆಬಣ್ಣಕ್ಕೆ ನಾನಾಗಿ ಹೋಗಲಿಲ್ಲ. ನನ್ನನ್ನು ಅಲ್ಲಿಗೆ ನೂಕಿದ್ದು ನಮ್ಮ ಮನೆಯ ಒಡತಿ, ಗುರುಶಾಂತವ್ವ.

ಆಗ ಎಪ್ಪತ್ತರ ದಶಕದ ನಡುಭಾಗ. ಬಸವೇಶ್ವರನಗರ ಇನ್ನೂ ನಗರವಾಗಿರಲಿಲ್ಲ; ಬಸವೇಶ್ವರರ ಹೆಸರೊಂದು ಬಂದು ಕುಳಿತಿತ್ತು, ನಗರ ಹಿಂದಿನಿಂದ ಬರುತ್ತಿತ್ತು. ಎರಡು ಮನೆ, ನಡುವೆ ನಾಲ್ಕು ಖಾಲಿ ಸೈಟು, ಸೈಟಿನ ಕಲ್ಲಿನ ಮೇಲೆ ಮೈ ಉಜ್ಜುವ ಎಮ್ಮೆ. ಗುರುಶಾಂತವ್ವನ ಯಜಮಾನರು ಹಾವೇರಿ ಕಡೆ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು, ನಿವೃತ್ತರಾದ ಮೇಲೆ ಇಲ್ಲಿ ಮನೆ ಕಟ್ಟಿಸಿ, ಹಿಂಭಾಗದ ಪೋರ್ಷನ್ನನ್ನು ನಮಗೆ ಬಾಡಿಗೆಗೆ ಕೊಟ್ಟು, ಗೃಹಪ್ರವೇಶದ ತೋರಣ ಒಣಗುವ ಮೊದಲೇ ಲೋಕ ಬಿಟ್ಟು ಹೊರಟುಹೋದರು. ಅವರ ಫೋಟೋ ಎಂದು ಮನೆಯಲ್ಲಿದ್ದದ್ದು ಕಚೇರಿಗೆ ಕೊಡಲು ತೆಗೆಸಿದ ಬೆರಳುದ್ದದ ಒಂದು ಕಪ್ಪು-ಬಿಳುಪು ಚಿತ್ರ. ಅದನ್ನು ದೊಡ್ಡದು ಮಾಡಿಸಿ ಬಣ್ಣ ಹಾಕಿಸಲು ಅವ್ವ ಪೇಟೆಯ ಒಂದು ಸ್ಟುಡಿಯೋಗೆ ಕೊಟ್ಟರು. ಆಗ ಫೋಟೋಗೆ ಕೈಯಲ್ಲೇ ಬಣ್ಣ ಹಚ್ಚುತ್ತಿದ್ದ ಕಾಲ. ಹಚ್ಚಿದವನು ಉದಾರಿ. ಶಿರಸ್ತೇದಾರರ ಕೆನ್ನೆಗೆ ರೋಜಾ ಬಣ್ಣ, ತುಟಿಗೆ ಕೆಂಪು, ರುಮಾಲಿಗೆ ಆಕಾಶನೀಲಿ.

ಅವ್ವ ಅದನ್ನು ಪಡಸಾಲೆಯ ಗೋಡೆಗೆ ಹಾಕಿ, ದೂರ ನಿಂತು ನೋಡಿ, ಹತ್ತಿರ ಹೋಗಿ ನೋಡಿ, ತೆಗೆದು ಬೀರುವಿನ ಹಿಂದೆ ನಿಲ್ಲಿಸಿಬಿಟ್ಟರು. ಮೊಳೆ ಮಾತ್ರ ಗೋಡೆಯಲ್ಲಿ ಉಳಿಯಿತು.

"ಇವರ್ಯಾರೋ ನಾಟಕದ ಕಂಪನಿಯವರು ತಮ್ಮಾ," ಎಂದರು ನನಗೆ. "ನಮ್ಮವರ ಬಣ್ಣ ನನ್ನ ಬಣ್ಣನ ಇತ್ತು. ಒಂದ ಹಂಚಿನ ಮ್ಯಾಲ ಬೆಂದ ಎರಡು ರೊಟ್ಟಿ ಅದಾವು ಅಂತಿದ್ಲು ನಮ್ಮತ್ತಿ. ಇದನ್ನ ಹಾಕಿಕೊಂಡು ನಾ ಯಾರಿಗೆ ಕೈ ಮುಗೀಲಿ?"

ನಾನು ಲೊಚಗುಟ್ಟಿದೆ. ಅಷ್ಟಕ್ಕೇ ಸುಮ್ಮನಾಗಬೇಕಿತ್ತು. ಆದರೆ ಸರೋಜ ಹಿಂದಿನಿಂದ, "ಇವ್ರೂ ಚಿಕ್ಕಂದಿನಲ್ಲಿ ಚಿತ್ರ ಬರೀತಿದ್ರಂತೆ ಅವ್ವಾರೇ" ಎಂದಳು. ಅವಳಿಗೆ ತಮಾಷೆ. ಅವ್ವ ನನ್ನನ್ನು ಮೊದಲ ಸಲ ಕಂಡವರ ಹಾಗೆ ನೋಡಿದರು.

"ಹೌದೇನಪಾ? ಹಂಗಾದ್ರ ನೀನ ಬರದು ಕೊಡು. ವರ್ಷದ ಪುಣ್ಯಸ್ಮರಣಿಗೆ ಆ ಗೋಡಿಗೆ ಅವರು ಇರಬೇಕು, ನೋಡು. ಅವರ ಬಣ್ಣದಾಗ ಇರಬೇಕು."

ಚಿಕ್ಕಂದಿನಲ್ಲಿ ನಾನು ಬರೆಯುತ್ತಿದ್ದದ್ದು ಸ್ಲೇಟಿನ ಮೇಲೆ. ಹೆಡ್‌ಮಾಸ್ಟರ ಮುಖ ಬರೆದು, ಅವರು ಬರುವುದು ಕಂಡಾಗ ಕಾಗೆತೊಂಡೆಯ ಎಲೆ ಹಿಂಡಿ ಒರೆಸುತ್ತಿದ್ದೆ. ಹಸಿಯಾಗಿದ್ದಾಗ ಮಾಯವಾದ ಹೆಡ್‌ಮಾಸ್ಟರು ಒಣಗುತ್ತಾ ಬಂದ ಹಾಗೆ ಮೂಗಿನಿಂದ ಶುರುಮಾಡಿ ಮತ್ತೆ ಕಾಣಿಸಿಕೊಳ್ಳುತ್ತಿದ್ದರು. ನನ್ನ ಮೊದಲ ಪ್ರದರ್ಶನಕ್ಕೆ ದೊರೆತ ಬಹುಮಾನದ ಗುರುತು ಅಂಗೈಯಲ್ಲಿ ಎರಡು ದಿನ ಇತ್ತು. ಸ್ಲೇಟಿನ ಸುಖವೆಂದರೆ ಅಲ್ಲಿ ಚರ್ಮದ ಬಣ್ಣವೆಂಬ ತಾಪತ್ರಯವಿಲ್ಲ. ಲೋಕದವರೆಲ್ಲ ಕರಿಯ ಮೇಲೆ ಬಿಳಿಯ ಗೆರೆ. ಡ್ರಾಯಿಂಗ್ ಕ್ಲಾಸಿನಲ್ಲಿ ಕೊಡ ಬರೆದರೆ ಕುಂಬಳಕಾಯಿಯಾಗುತ್ತಿತ್ತು. ಕುಂಬಳಕಾಯಿ ಬರೆಯಲು ಹೇಳಿದ ದಿನ ಮಾತ್ರ ಕೊಡವಾಯಿತು. ಇಂಥ ಹಿನ್ನೆಲೆಯವನು ಶಿರಸ್ತೇದಾರರನ್ನು ಗೋಡೆಗೆ ತರಬೇಕಿತ್ತು.

ಹೊಸಹಳ್ಳಿಯಲ್ಲಿ ಚನ್ನಿಗರಾಯಪ್ಪ ಎಂಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರಿದ್ದರು. ಮನೆಯ ಹಿಂದೆ, ಹಿಂದೊಮ್ಮೆ ಎಮ್ಮೆ ಕಟ್ಟುತ್ತಿದ್ದ ಹೆಂಚಿನ ಕೊಟ್ಟಿಗೆಯಲ್ಲಿ ಭಾನುವಾರ ಪಾಠ. ಅದಕ್ಕೆ ಉತ್ತರ ದಿಕ್ಕಿಗೆ ಕಿಟಕಿಯಿತ್ತು. ಮುಖ ಬರೆಯಲು ಉತ್ತರದ ಬೆಳಕೇ ಶ್ರೇಷ್ಠ ಎಂದು ಮೇಷ್ಟ್ರು ಹೇಳಿದರು. ಅಷ್ಟು ವರ್ಷ ಆ ಬೆಳಕಿನಲ್ಲಿ ನಿಂತ ಎಮ್ಮೆಗಳು ಎಂಥ ರೂಪವತಿಯರಾಗಿ ಕಂಡಿರಬೇಕೆಂದು ನಾನು ಯೋಚಿಸುತ್ತಿದ್ದಾಗ ಅವರು ಕೇಳಿದರು:

"ಏನ್ರಿ ಬರೀಬೇಕು ನಿಮ್ಗೆ?"

"ನಮ್ಮ ಮನೆ ಓನರ್ ಯಜಮಾನ್ರು ಸಾರ್. ಹೋಗ್ಬಿಟ್ಟಿದಾರೆ."

"ಹೋದೋರು ಎಲ್ಲಿಗೂ ಹೋಗಲ್ಲ, ಇರ್ಲಿ. ಮೊದ್ಲು ಕಾಪಿ ಮಾಡಿ. ದೊಡ್ಡೋರದು ಒಂದು ಕಾಪಿ, ಇದ್ದದ್ದು ಇದ್ದಂಗೆ. ಅದು ಪಾಸಾದ್ರೆ ನಿಮ್ಮ ಯಜಮಾನ್ರಿಗೆ ಕೈ ಹಾಕಿ. ಇಲ್ದಿದ್ರೆ ಅವ್ರನ್ನ ಎರಡ್ನೇ ಸಲ ಸಾಯ್ಸಬೇಡಿ."

ಹೀಗೆಂದು ಒಂದು ರಟ್ಟು ತೆಗೆದರು. ವಿದೇಶದ ಯಾವುದೋ ಪುಸ್ತಕದಿಂದ ಕತ್ತರಿಸಿ ಅಂಟಿಸಿದ ಬಣ್ಣದ ಚಿತ್ರ. ಕರಿಯ ನಿಲುವಂಗಿ, ತಲೆಯ ಹಿಂದಕ್ಕೆ ಸರಿದ ಕರಿಯ ಟೋಪಿ, ಬಿಳಿ ಗಡ್ಡ, ಎಡಗಡೆಯಿಂದ ಬೆಳಕು. ಮುಕ್ಕಾಲು ಪಾಲು ಚಿತ್ರ ಕತ್ತಲೆ. ಆ ಕತ್ತಲೆಯಲ್ಲಿ ದೀಪ ಹಚ್ಚಿಟ್ಟ ಹಾಗೆ ಅಗಲವಾದ ಒಂದು ಹಣೆ. ಬರೆದವನು ಹಾಲೆಂಡಿನವನು, ಸತ್ತು ಮುನ್ನೂರು ವರ್ಷವಾಗಿದೆ ಎಂದರು. ಅವನ ಹೆಸರನ್ನು ಮೇಷ್ಟ್ರು ಪ್ರತಿಸಲವೂ ಬೇರೆ ಬೇರೆ ಥರ ಹೇಳುತ್ತಿದ್ದುದರಿಂದ ನಾನು ಆ ತಂಟೆಗೆ ಹೋಗಲಿಲ್ಲ. ಚಿತ್ರದೊಳಗಿನವನನ್ನು ಹಾಲೆಂಡ್ ತಾತ ಎಂದು ಕರೆದುಕೊಂಡೆ.

"ಒಂದೇ ರೂಲು," ಎಂದರು ಮೇಷ್ಟ್ರು. "ಸ್ವಂತ ಬುದ್ಧಿ ಮನೇಲಿಟ್ಟು ಬನ್ನಿ."

"ಅದೇನೂ ಕಷ್ಟ ಇಲ್ಲ ಸಾರ್."

"ಎಲ್ರೂ ಹಂಗೇ ಅಂತಾರೆ. ಆಮೇಲೆ ತಾತನ್ಗೆ ಮೀಸೆ ತಿರುವ್ತಾರೆ."

ಕ್ಯಾನ್ವಾಸಿಗೆ ಮೊದಲು ಮರವಜ್ರ ಬಳಿಯಬೇಕು. ಬಡಗಿಗಳು ಮರ ಅಂಟಿಸಲು ಕಾಯಿಸುವ ಗೋಂದು ಅದು. ಅದನ್ನು ಯಾವುದರಿಂದ ಮಾಡುತ್ತಾರೆ ಎಂದು ಕೇಳಿದೆ. "ಕೇಳ್ಬೇಡಿ" ಎಂದರು. ಕೇಳಬೇಡಿ ಎಂದಮೇಲೆ ಗೊತ್ತಾಯಿತು: ಚರ್ಮ, ಮೂಳೆ. ಗುರುಶಾಂತವ್ವನದು ಮೊಟ್ಟೆಯ ಸಿಪ್ಪೆಯೂ ಹೊಸಿಲು ದಾಟಬಾರದೆಂಬ ಮನೆ. ಅಲ್ಲಿ ಇದನ್ನು ಕಾಯಿಸುವ ಮಾತೇ ಇಲ್ಲವೆಂದು ಮೇಷ್ಟ್ರ ಕೊಟ್ಟಿಗೆಯಲ್ಲೇ ಕಾಯಿಸಿದೆವು. ಆ ವಾಸನೆಗೆ ಹೊಸಹಳ್ಳಿಯ ನಾಯಿಗಳೆಲ್ಲ ಬಂದು ಬಾಗಿಲಲ್ಲಿ ಗೌರವದಿಂದ ಕುಳಿತವು. ಕಲೆಗೆ ಇಷ್ಟು ಜನ ಸೇರಿದ್ದನ್ನು ನಾನು ಆಮೇಲೆ ನೋಡಿಲ್ಲ.

ಕಾಪಿ ಮಾಡುವುದು ಸುಲಭವೆಂದು ನೀವು ತಿಳಿದಿದ್ದರೆ, ನಾನೂ ಹಾಗೇ ತಿಳಿದಿದ್ದೆ. ರಟ್ಟಿನ ಮೇಲೆ ದಾರ ಕಟ್ಟಿ ಚೌಕ ಮಾಡಿ, ಕ್ಯಾನ್ವಾಸಿನ ಮೇಲೂ ಅಷ್ಟೇ ಚೌಕ ಎಳೆದು, ಒಂದೊಂದು ಚೌಕದಲ್ಲಿ ಏನಿದೆಯೋ ಅಷ್ಟನ್ನೇ ಇದ್ದಿಲಿನಿಂದ ಬರೆಯಬೇಕು. ಇದು ನನಗೆ ಒಗ್ಗಿತು. ಅಳತೆ, ತಪಾಸಣೆ, ನನ್ನ ಕಸುಬೇ. ಮೇಷ್ಟ್ರು ಬಂದು ರಟ್ಟನ್ನೂ ಕ್ಯಾನ್ವಾಸನ್ನೂ ತಲೆಕೆಳಗು ಮಾಡಿಬಿಟ್ಟರು.

"ಯಾಕೆ ಸಾರ್?"

"ನೆಟ್ಟಗಿದ್ರೆ ನೀವು ಮೂಗು ಬರೀತೀರ. ತಲೆಕೆಳಗಿದ್ರೆ ಅಲ್ಲಿರೋದನ್ನ ಬರೀತೀರ."

ಹೀಗೆ ಎಷ್ಟೋ ಭಾನುವಾರ ತಾತ ನನ್ನ ಮುಂದೆ ಶೀರ್ಷಾಸನ ಹಾಕಿಯೇ ಇದ್ದ. ಕೊನೆಗೆ ನೆಟ್ಟಗೆ ನಿಲ್ಲಿಸಿದಾಗ ನನಗೆ ಗುರುತೇ ಸಿಗಲಿಲ್ಲ. ಬೆಚ್ಚಿಬಿದ್ದೆ. ಕೊಡವಲ್ಲ, ಕುಂಬಳಕಾಯಿಯಲ್ಲ, ಒಬ್ಬ ಮನುಷ್ಯ ಸುಮ್ಮನೆ ನನ್ನನ್ನು ನೋಡುತ್ತಿದ್ದ.

ಆಮೇಲೆ ಕಂದುಬಣ್ಣ ಒಂದರಲ್ಲೇ ಇಡೀ ಮುಖದ ನೆರಳು-ಬೆಳಕು ಕೂರಿಸುವುದು. ಕೆಳಗಿನ ಪದರಕ್ಕೆ ಟರ್ಪೆಂಟೈನು ಹೆಚ್ಚು, ಮೇಲಿನದಕ್ಕೆ ಎಣ್ಣೆ ಹೆಚ್ಚು. ಬಡವನ ಮೇಲೆ ಶ್ರೀಮಂತ ಕೂರಬೇಕು, ತಿರುವುಮುರುವಾದರೆ ಬಿರುಕು ಬಿಡುತ್ತದೆ ಎಂದರು ಮೇಷ್ಟ್ರು. ಲೋಕವೂ ಹೀಗೇ ನಡೆದಿದೆಯಲ್ಲ ಎಂದೆ. "ಸ್ವಂತ ಬುದ್ಧಿ," ಎಂದು ಎಚ್ಚರಿಸಿದರು.

ಭಾನುವಾರ ಕೊಟ್ಟಿಗೆಯಲ್ಲಿ ಹೇಳಿಸಿಕೊಂಡದ್ದನ್ನು ವಾರದ ದಿನ ಶಿಫ್ಟಿಗೆ ಹೋಗುವ ಮೊದಲು ಮನೆಯ ಹಿತ್ತಲ ಕಟ್ಟೆಯ ಮೇಲೆ ಮಾಡುತ್ತಿದ್ದೆ. ಹೀಗಾಗಿ ತಾತ ವಾರಕ್ಕೊಮ್ಮೆ ಸೈಕಲ್ ಕ್ಯಾರಿಯರಿನ ಮೇಲೆ ಹೊಸಹಳ್ಳಿಗೆ ಹೋಗಿ ಬರುತ್ತಿದ್ದ. ಮೂಡಲಪಾಳ್ಯದ ಹೊಲಗಳ ಕಡೆಯಿಂದ ಗಾಳಿ ಬೀಸಿದರೆ ಕ್ಯಾನ್ವಾಸು ಹಾಯಿಯಾಗಿ ಸೈಕಲ್ಲು ತಾನಾಗಿ ಓಡುತ್ತಿತ್ತು. ಹಸಿ ಬಣ್ಣ ಎಂದು ಮುಚ್ಚುವಂತಿಲ್ಲ. ಹಿಂದೆ ಬರುವವರಿಗೆಲ್ಲ ತಾತನ ದರ್ಶನ. ಒಂದು ಸಲ ಒಬ್ಬ ಹಿರಿಯರು ಚಪ್ಪಲಿ ಬಿಟ್ಟು ಕೈಮುಗಿದದ್ದನ್ನು ತಿರುಗಿ ನೋಡಿ ನಾನೂ ಸುಮ್ಮನೆ ತಲೆಬಾಗಿದೆ.

ನಿಜವಾದ ಯುದ್ಧ ಶುರುವಾದದ್ದು ಚರ್ಮದಲ್ಲಿ.

ಬಿಳಿ, ಹಳದಿ ಮಣ್ಣಿನ ಬಣ್ಣ, ಇಟ್ಟಿಗೆ ಕೆಂಪು, ಒಂದು ಚಿಟಿಕೆ ನೀಲಿ. ಲೋಕದ ಅಷ್ಟೂ ಜನರ ಚರ್ಮ ಇದರೊಳಗಿದೆ ಎಂದು ಮೇಷ್ಟ್ರು ಹೇಳಿಕೊಟ್ಟರು. ಆದರೆ ಹಾಲೆಂಡಿನವರ ಚರ್ಮ ಎಷ್ಟು ಬಿಳಿ ಎಂದು ನಾನೇನು ಬಲ್ಲೆ? ನಾನು ಹತ್ತಿರದಿಂದ ನೋಡಿದ್ದ ಬಿಳಿ ದೊರೆ ಒಬ್ಬನೇ, ಕಾರ್ಖಾನೆಗೆ ಮಿಷನ್ನು ಕೂರಿಸಲು ಬಂದಿದ್ದ ಇಂಜಿನಿಯರು. ಅವನು ಬಂದದ್ದು ಏಪ್ರಿಲ್ಲಿನಲ್ಲಿ. ಎರಡನೇ ದಿನಕ್ಕೇ ಹಣ್ಣಾದ ಟೊಮ್ಯಾಟೊ ಆಗಿದ್ದ. ಅವನನ್ನು ನೆನೆದು ಹಚ್ಚಿದ ಮೊದಲ ಮುಖ ಕಂಡು ಮೇಷ್ಟ್ರು, "ತಾತನ್ಗೆ ಯಾರು ಬಾರ್ಸಿದ್ದು?" ಎಂದರು.

ಅಲ್ಲಿಂದ ನನಗೆ ಊರಿನವರೆಲ್ಲ ಚರ್ಮವಾಗಿಯೇ ಕಾಣತೊಡಗಿದರು. ಬಸ್ಸಿನಲ್ಲಿ ಮುಂದೆ ಕುಳಿತವರ ಕತ್ತನ್ನು ನೋಡುತ್ತಾ ‘ಹಳದಿ ಜಾಸ್ತಿ, ಕಿವಿಯ ಹತ್ತಿರ ಇಟ್ಟಿಗೆ’ ಎಂದು ಲೆಕ್ಕ ಹಾಕುತ್ತಿದ್ದೆ. ಹೆಂಗಸರ ಕತ್ತು ಬಂದಾಗ ಪ್ರಾಣಭಯದಿಂದ ಕಿಟಕಿಯ ಕಡೆ ತಿರುಗುತ್ತಿದ್ದೆ. ಕಾರ್ಖಾನೆಯಲ್ಲಿ ನಮ್ಮ ಸೂಪರ್‌ವೈಸರು, "ಏನ್ರಿ, ನನ್ನ ಮುಖದಲ್ಲಿ ಏನಾದ್ರೂ ಡಿಫೆಕ್ಟ್ ಇದ್ಯಾ?" ಎಂದು ಕೇಳಿದರು. "ಇಲ್ಲ ಸಾರ್, ನೆರಳು ಚೆನ್ನಾಗಿದೆ" ಎಂದೆ. ಆ ವರ್ಷ ನನಗೆ ಬಡ್ತಿ ಬರಲಿಲ್ಲ. ಕಾರಣ ಬೇರೆ ಇರಬಹುದು.

ಮನೆಯಲ್ಲಿ ಸರೋಜ ನನ್ನ ಬಣ್ಣಗಳಿಗೆ ದಿನಕ್ಕೊಂದು ಹೆಸರಿಡುತ್ತಿದ್ದಳು. "ಇವತ್ತು ಹುರಿಗಡಲೆ ಚಟ್ನಿ." "ಇವತ್ತು ನೆನ್ನೆ ಸಾರು." ಆಕೆಯ ಮುಂಗೈಯನ್ನು ಹಿಡಿದು ಬಣ್ಣ ಹೋಲಿಸಹೋದರೆ, "ಮದ್ವೆಯಾಗಿ ಇಷ್ಟು ವರ್ಷಕ್ಕೆ ಕೈ ಹಿಡ್ಕೊಂಡ್ರಿ, ಅದೂ ಮುದುಕನ್ಗೋಸ್ಕರ" ಎನ್ನುತ್ತಿದ್ದಳು. ಆದರೂ ಕೈ ಎಳೆದುಕೊಳ್ಳುತ್ತಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಹಚ್ಚಿದೆ, ಒರೆಸಿದೆ, ಹಚ್ಚಿದೆ. ಕೊನೆಗೊಂದು ಬೆಳಗ್ಗೆ ನನ್ನ ಕಣ್ಣಿಗೆ ಎಲ್ಲವೂ ಸರಿಯಾಗಿ ಕಂಡಿತು. ಸರೋಜಳನ್ನು ಕರೆದೆ. ಒದ್ದೆ ಕೈ ಒರೆಸಿಕೊಂಡು ಬಂದು ನಿಂತಳು. ಈ ಸಲ ತಿಂಡಿಯ ಹೆಸರು ಹೇಳಲಿಲ್ಲ.

"ಇವ್ರನ್ನ ನಾನು ಎಲ್ಲೋ ನೋಡಿದೀನಿ ಕಣ್ರೀ."

"ಹಾಲೆಂಡಿನವನನ್ನ?"

"ಸೊಸೈಟೀಲಿ ಸಕ್ಕರೆ ತೂಗ್ತಾರಲ್ಲ, ಅವ್ರು. ಗಡ್ಡ ಬಿಟ್ಟಿದಾರೆ ಅಷ್ಟೆ."

ಗುರುಶಾಂತವ್ವ ದಿನಾ ಬೆಳಗ್ಗೆ ಹಿತ್ತಲಿಗೆ ಹೂ ಬಿಡಿಸಲು ಬರುವಾಗ ಕಟ್ಟೆಯ ಹತ್ತಿರ ನಿಲ್ಲುತ್ತಿದ್ದರು. ಆತುರ ಮಾಡುತ್ತಿರಲಿಲ್ಲ. ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಇವರು ಮುಗಿದ ಮ್ಯಾಲ ನಮ್ಮವರು, ಹೌದಲ್ಲೋ?" ಹೌದು ಅವ್ವಾ ಎನ್ನುತ್ತಿದ್ದೆ. ಹೂ ಬಿಡಿಸುತ್ತಾ ತಮ್ಮಷ್ಟಕ್ಕೆ ತಾವೇ ತಿಂಗಳು ಎಣಿಸುತ್ತಿದ್ದರು. ವರ್ಷದ ಪುಣ್ಯಸ್ಮರಣೆ ಹತ್ತಿರ ಬರುತ್ತಿತ್ತು. ಹಾವೇರಿಯಿಂದ ಬೀಗರು ಬರುವವರಿದ್ದರು. ಖಾಲಿ ಮೊಳೆಗೆ ಅವ್ವ ಒಂದು ಸಲ ಕ್ಯಾಲೆಂಡರು ಹಾಕಿ, ಮರುದಿನವೇ ತೆಗೆದಿದ್ದರು.

ತೀರ್ಪಿನ ಭಾನುವಾರ ಬಂತು. ಮೇಷ್ಟ್ರು ಕ್ಯಾನ್ವಾಸನ್ನು ರಟ್ಟಿನ ಪಕ್ಕ ನಿಲ್ಲಿಸಿ, ಕನ್ನಡಿ ಹಿಡಿದು ಅದರೊಳಗೆ ನೋಡಿದರು, ಕಣ್ಣು ಕಿರಿದು ಮಾಡಿ ನೋಡಿದರು, ನಶ್ಯ ಏರಿಸಿ ನೋಡಿದರು. ನಾನು ತಪಾಸಣೆಗೆ ಬಂದ ಕಬ್ಬಿಣದ ತುಂಡಿನ ಹಾಗೆ ನಿಂತಿದ್ದೆ.

"ಮೂಗು ಅವನದೇ," ಎಂದರು. "ಕಣ್ಣು ಅವನದೇ. ಟೋಪಿ ಪಾಸು. ಗಡ್ಡ ಪರವಾಗಿಲ್ಲ. ಚರ್ಮ ಮಾತ್ರ ಯಾರದೋ ತಂದು ಹೊದಿಸಿದೀರ."

"ಯಾರದು ಸಾರ್?"

"ನಮ್ಮೋರದು ಕಣ್ರಿ! ಹಾಲೆಂಡ್ನಲ್ಲಿ ಹುಟ್ಟಿ, ಮೂಡಲಪಾಳ್ಯದಲ್ಲಿ ರಾಗಿ ಕೊಯ್ದಂಗವ್ನೆ."

ಅಲ್ಲೇ ಕೂರಿಸಿ ಹಣೆಯನ್ನು ಕೆರೆದು ಮತ್ತೆ ಹಚ್ಚಿಸಿದರು. ಇನ್ನಷ್ಟು ಬಿಳಿ ಎಂದರು, ಹಾಕಿದೆ. ಹಾಕಿದ ಬಿಳಿಯನ್ನು ನನ್ನ ಕೈ ತನಗೆ ತಾನೇ ಹಳದಿ ಸೇರಿಸಿ, ಇಟ್ಟಿಗೆ ಸೇರಿಸಿ, ಕಂದಿನ ದಾರಿಗೆ ತಂದುಬಿಡುತ್ತಿತ್ತು. ಮತ್ತೆ ಕೆರೆಸಿದರು, ಮತ್ತೆ ಹಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ತಾತನ ಹಣೆಯ ಮೇಲೆ ಬೆಣ್ಣೆಯ ಹಾಗೆ ದಪ್ಪಗೆ ಬಣ್ಣ ಕೂತಿತ್ತು, ಅದೂ ಅದೇ ಕಂದು.

ಮೇಷ್ಟ್ರು ಬ್ರಷ್ಷನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. "ಸಾಕು. ಸ್ವಂತ ಬುದ್ಧಿ ಮನೇಲಿಟ್ಟು ಬಂದಿದೀರ, ಒಪ್ದೆ. ಸ್ವಂತ ಕಣ್ಣು ಇಟ್ಟು ಬಂದಿಲ್ಲ. ಕಾಪಿ ಅಂದ್ಮೇಲೆ ಕಾಪಿ. ಫೇಲು."

"ಮನೆ ಓನರ್ ಯಜಮಾನ್ರು ಸಾರ್..."

"ಒಬ್ಬನ ಬಣ್ಣ ಹಿಡಿಯಕ್ಕಾಗ್ಲಿಲ್ಲ, ಇನ್ನೊಬ್ಬನ ಬಣ್ಣ ಹೆಂಗೆ ಹಿಡೀತೀರ? ಇದು ಚೆನ್ನಾಗಿ ಒಣಗ್ಲಿ, ಮೇಲೆ ತೆಳ್ಳಗೆ ಇನ್ನೊಂದು ಪದರ ಹೊದಿಸಿ ನೋಡೋಣ. ಅಲ್ಲೀಗಂಟ ಯಾರ ಮುಖಕ್ಕೂ ಹೋಗ್ಬೇಡಿ."

ಒಣಗುವುದೆಂದರೆ ಎಣ್ಣೆಬಣ್ಣಕ್ಕೆ ತಿಂಗಳುಗಟ್ಟಲೆ. ಪುಣ್ಯಸ್ಮರಣೆ ಅದಕ್ಕೆ ಕಾಯುವುದಿಲ್ಲ.

ಸಂಜೆ ಕ್ಯಾನ್ವಾಸನ್ನು ಹಿಡಿದುಕೊಂಡೇ ಅವ್ವನ ಪಡಸಾಲೆಗೆ ಹೋಗಿ ಹೇಳಿದೆ. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಹತ್ತು ಥರ ಯೋಚಿಸಿ, ಕೊನೆಗೆ ಹನ್ನೊಂದನೆಯ ಥರ ಹೇಳಿದೆ: "ಅವ್ವಾ, ಮುಖ ಬರೆಯಕ್ಕೆ ಬರುತ್ತೆ, ಬಣ್ಣ ಕೈಗೆ ಬಂದಿಲ್ಲ. ಮೇಷ್ಟ್ರು ಬೇಡ ಅಂದ್ರು. ಯಜಮಾನ್ರದು ಬೇರೆ ಯಾರ ಹತ್ರನಾದ್ರೂ ಮಾಡ್ಸಿ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕ್ಯಾನ್ವಾಸನ್ನು ನೋಡಿದರು. ಕನ್ನಡಕವಿಲ್ಲದೆ ಅವರಿಗೆ ಹತ್ತಿರದ್ದು ಅಷ್ಟಾಗಿ ಕಾಣದು.

"ಹಸಿ ಐತೇನು ಇದು?"

"ಹ್ಞೂಂ. ನಮ್ಮ ಕಡೆ ಒಲೆ ಹೊಗೆ, ಧೂಳು. ಎಲ್ಲಿ ಇಡೋದೋ ಗೊತ್ತಾಗ್ತಿಲ್ಲ."

"ಇಲ್ಲೇ ಹಾಕು. ಮೊಳಿ ಖಾಲಿನ ಐತಲ್ಲ."

ಅವರ ಗಂಡನ ಮೊಳೆಗೆ ಹಾಲೆಂಡಿನವನನ್ನು ತೂಗುಹಾಕಿ, ಅಪರಾಧಿಯ ಹಾಗೆ ಹಿಂದಿನ ಬಾಗಿಲಿನಿಂದ ನಮ್ಮ ಪೋರ್ಷನ್ನಿಗೆ ಬಂದೆ. ಅಂದು ನಾನು ಕಿತ್ತುಬರಬಹುದಾದ ಮೊಳೆ, ಸಡಿಲವಾದ ಗಾರೆ, ಹಲ್ಲಿ, ಗಾಳಿ, ಎಲ್ಲದರ ಬಗ್ಗೆಯೂ ಚಿಂತಿಸಿದೆ. ಮರುದಿನ ಸೋಮವಾರ ಎಂಬುದರ ಬಗ್ಗೆ ಚಿಂತಿಸಲಿಲ್ಲ.

ಸೋಮವಾರ ಅವ್ವನ ಪೂಜೆ ದೊಡ್ಡದು. ಪಡಸಾಲೆಯ ಗೋಡೆಯುದ್ದಕ್ಕೂ ಅತ್ತೆ, ಮಾವ, ಮಠದ ಅಜ್ಜನವರು, ದೇವರು ಎಂದು ಗಾಜು ಹಾಕಿದ ಪಟಗಳ ಸಾಲು. ಸ್ನಾನ ಮಾಡಿ, ವಿಭೂತಿಯ ಗಟ್ಟಿಯನ್ನು ಎಡಗೈಯಲ್ಲಿ ಹಿಡಿದು, ಒದ್ದೆ ಮಾಡಿದ ಬಲಗೈಯ ಮೂರು ಬೆರಳನ್ನು ಅದಕ್ಕೆ ತಿಕ್ಕಿ, ಒಂದು ತುದಿಯಿಂದ ಹೊರಟು ಪ್ರತಿ ಪಟದ ಹಣೆಗೂ ಮೂರು ಗೆರೆ ಎಳೆಯುತ್ತಾ ಬರುವುದು. ಬಾಯಲ್ಲಿ ಮಂತ್ರ, ಕಣ್ಣು ಅರ್ಧ ಮುಚ್ಚಿರುತ್ತದೆ. ವರ್ಷಾನುಗಟ್ಟಲೆ ಮಾಡಿದ ಕೈಗೆ ಕಣ್ಣಿನ ಅಗತ್ಯವಿಲ್ಲ. ಸಾಲು ಮುಗಿದ ಮೇಲೆ ಬೆರಳಲ್ಲಿ ಉಳಿದದ್ದನ್ನು ತಮ್ಮ ಹಣೆಗೆ ಎಳೆದುಕೊಳ್ಳುವುದು ಅವರ ರೂಢಿ.

ನಾನು ಶಿಫ್ಟಿಗೆ ಹೊರಡುವ ಮುನ್ನ ಮೊಳೆ ಗಟ್ಟಿಯಿದೆಯೇ ಎಂದು ನೋಡಲು ಪಡಸಾಲೆಯ ಬಾಗಿಲಿಗೆ ಬಂದಾಗ ಅವ್ವ ಸಾಲಿನ ಕೊನೆಯಲ್ಲಿದ್ದರು. "ಅವ್ವಾ!" ಎಂದು ಕೂಗುವಷ್ಟರಲ್ಲಿ ಮೂರು ಬೆರಳು ತಾತನ ಎಡಹುಬ್ಬಿನ ಮೇಲಿಂದ ಹೊರಟು ಬಲಹುಬ್ಬಿನ ಮೇಲೆ ಬಂದು ಇಳಿದಿದ್ದವು. ಗಾಜಿರಲಿಲ್ಲ. ಬೆರಳುಗಳು ಬೆಣ್ಣೆಯಲ್ಲಿ ಹೋದ ಹಾಗೆ ಹೋದವು. ಹಣೆಯಲ್ಲಿ ಮೂರು ಕಾಲುವೆ, ಕಾಲುವೆಯ ತುಂಬ ವಿಭೂತಿ. ನಾನು ಕೂಗಿದ್ದು ಅವರಿಗೆ ಕೇಳಿಸಿತೋ ಇಲ್ಲವೋ, ಕೈ ತನ್ನ ರೂಢಿಯಂತೆ ಮೇಲೇರಿ, ಬೆರಳಿಗೆ ಅಂಟಿದ ತಾತನ ಹಣೆಯನ್ನು ಹಾಗೆಯೇ ತಮ್ಮ ಹಣೆಯ ಮೇಲೆ ಎಳೆದುಕೊಂಡಿತು.

ನನ್ನ ಕೂಗಿಗೆ ಸರೋಜ ಓಡಿಬಂದಳು. ಗೋಡೆಯ ಮೇಲೆ ಟೋಪಿ, ನಿಲುವಂಗಿ, ಮೂರು ಪಟ್ಟೆ ವಿಭೂತಿ ಧರಿಸಿ ಹಾಲೆಂಡಿನ ತಾತ ಗಂಭೀರವಾಗಿ ಕುಳಿತಿದ್ದ. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

"ಯಾಕ ಒದರ್ತೀಯೋ ತಮ್ಮಾ? ಏನಾತು?"

"ಅದು ಎಣ್ಣೆಬಣ್ಣ ಅವ್ವಾ! ಹಸಿ! ನಿಮ್ಮ ಹಣೆಗೆಲ್ಲಾ ಆಗ್ಬಿಟ್ಟಿದೆ. ಸೋಪಿಗೆ ಹೋಗಲ್ಲ ಅದು. ಸೀಸ ಬೇರೆ ಇರುತ್ತೆ. ಸರೋಜಾ, ಸೀಮೆಎಣ್ಣೆ ತಗೊಂಬಾ, ಬಟ್ಟೆ ತಗೊಂಬಾ..."

ಅವ್ವ ಗೋಡೆಯ ಮೇಲಿನ ತಾತನನ್ನು ನೋಡಿದರು. ತಮ್ಮ ಬೆರಳು ನೋಡಿಕೊಂಡರು. ಕನ್ನಡಕ ಹಾಕಿಕೊಂಡು, ಬಾಗಿಲ ಪಕ್ಕದ ಕನ್ನಡಿಯ ಮುಂದೆ ಹೋಗಿ ನಿಂತರು. ಹಣೆಯನ್ನು ಬೆಳಕಿಗೆ ಹಿಡಿದರು, ಈ ಕಡೆ ತಿರುಗಿಸಿದರು, ಆ ಕಡೆ ತಿರುಗಿಸಿದರು. ವಿಭೂತಿಯ ಬಿಳಿ ಅಷ್ಟೇ ಕಾಣುತ್ತಿತ್ತು. ಅದರ ಅಂಚಿನಲ್ಲಿ ಬೆರಳಾಡಿಸಿ ಏನನ್ನೋ ಹುಡುಕಿದರು. ಬಹಳ ಹೊತ್ತು ಹುಡುಕಿದರು. ಸರೋಜ ಸೀಮೆಎಣ್ಣೆಯ ಬಟ್ಟೆ ಹಿಡಿದು ಹಿಂದೆ ನಿಂತಿದ್ದಳು. ಈಗ ಅವಳು ನಗುತ್ತಿರಲಿಲ್ಲ.

ಅವ್ವ ಬಟ್ಟೆ ತೆಗೆದುಕೊಳ್ಳಲಿಲ್ಲ. ನೇರ ಒಳಕ್ಕೆ ಹೋಗಿ, ಬೀರು ತೆರೆದು, ಬೆರಳುದ್ದದ ಆ ಕಪ್ಪು-ಬಿಳುಪು ಫೋಟೋ ತಂದು ನನ್ನ ಅಂಗೈಯಲ್ಲಿಟ್ಟರು.

"ಇವತ್ತ ಶುರು ಮಾಡು. ನಿಮ್ಮ ಮೇಷ್ಟ್ರಿಗೆ ನಾ ಹೇಳ್ತೀನಿ."

"ಮೊದ್ಲು ಹಣೆ ಒರೆಸ್ಕೊಳ್ಳಿ ಅವ್ವಾ. ಬಣ್ಣ ಹಂಗೇ ಇದೆ."

"ಇರ್ಲಿ ಬಿಡೋ," ಎಂದು ಅವ್ವ ಇನ್ನೊಂದು ಸಲ ಕನ್ನಡಿಯ ಕಡೆ ತಿರುಗಿದರು. "ಎಲ್ಲೈತೋ, ನನಗ ಕಾಣವಲ್ದು."